ಕೊರಳಿನ ಪೆಟ್ಟು, ಹೃದಯದ ಬಳಲಿಕೆ

ಮನುಷ್ಯ ಶರೀರದಲ್ಲಿ ಕೊರಳಿನಷ್ಟು ಕಿರಿದಾದ, ಅದರಷ್ಟು ಹೊಣೆ ಹೊತ್ತ ಭಾಗ ಮತ್ತೊಂದಿಲ್ಲ. ಗಾಳಿ, ಅನ್ನ, ನೀರು, ರಕ್ತ, ಮಾತು, ನರಗಳ ಸಂದೇಶ, ಇವೆಲ್ಲವೂ ಒಂದು ಗೇಣಿಗಿಂತಲೂ ಕಡಿಮೆ ಅಗಲದ ಈ ದಾರಿಯಲ್ಲಿಯೇ ಸಾಗಬೇಕು. ತಲೆಗೆ ಬುರುಡೆಯ ರಕ್ಷಣೆಯಿದೆ, ಹೃದಯ ಶ್ವಾಸಕೋಶಗಳಿಗೆ ಪಕ್ಕೆಲುಬುಗಳ ಪಂಜರವಿದೆ. ಕೊರಳಿನ ಮುಂಭಾಗಕ್ಕೆ ಅಂತಹ ಯಾವ ಗಟ್ಟಿ ಕವಚವೂ ಇಲ್ಲ. ಆದುದರಿಂದಲೇ ಕೊರಳು ಬಿಗಿದುಕೊಂಡಾಗ ಆಗುವ ಗಾಯವು ಹೊರಗೆ ಕಾಣುವುದಕ್ಕಿಂತ ಒಳಗೆ ಹೆಚ್ಚು ಆಳವಾಗಿರುತ್ತದೆ.

ಇಂತಹ ಅಪಾಯದಿಂದ ಪಾರಾದವರನ್ನು ಕುರಿತು ನಮ್ಮ ಜನರಲ್ಲಿ ಒಂದು ನಂಬಿಕೆ ಬೇರೂರಿದೆ. ಕಟ್ಟು ಸಡಿಲವಾಯಿತು, ಉಸಿರು ಮರಳಿತು, ಮಾತನಾಡಿದರು. ಇನ್ನು ಗಂಡಾಂತರ ಕಳೆಯಿತು ಎಂಬುದೇ ಆ ನಂಬಿಕೆ. ಮನೆಯವರು ನೀರು ಕುಡಿಸಿ, ಬೆನ್ನು ಸವರಿ, ಚಾಪೆಯ ಮೇಲೆ ಮಲಗಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಕೊರಳಿಗೆ ಬಿದ್ದ ಪೆಟ್ಟು ಕೊರಳಿನಲ್ಲಿಯೇ ನಿಲ್ಲುವುದಿಲ್ಲ. ಮಿದುಳಿಗೆ ಹಾನಿಯಾಗಬಹುದೆಂಬುದನ್ನು ಬಹುಮಂದಿ ಬಲ್ಲರು. ಹೃದಯವೂ ಅದೇ ಹೊತ್ತಿನಲ್ಲಿ ಬಳಲಿ, ಮುಂದಿನ ಕೆಲವು ಗಂಟೆಗಳಲ್ಲಿ ಸೋಲಬಹುದೆಂಬುದನ್ನು ಬಲ್ಲವರು ಕಡಿಮೆ. ಈ ಸಂಚಿಕೆಯಲ್ಲಿ ನಾವು ಆ ವಿಷಯವನ್ನು ಭಕ್ತಬಂಧುಗಳ ಮುಂದೆ ಇಡಬಯಸುತ್ತೇವೆ. ಏಕೆಂದರೆ ಹೀಗೆ ಸೋತ ಹೃದಯವು ಸಕಾಲದ ಆರೈಕೆ ದೊರೆತರೆ ಬಹುಪಾಲು ಸಂದರ್ಭಗಳಲ್ಲಿ ಮೊದಲಿನ ಶಕ್ತಿಗೆ ಮರಳಬಲ್ಲದು. ಆ ಆರೈಕೆಯನ್ನು ತಪ್ಪಿಸುವುದು ಹಲವೊಮ್ಮೆ ರೋಗವಲ್ಲ, ನಮ್ಮ ಅರಿವಿನ ಕೊರತೆ ಮತ್ತು ಅಂಜಿಕೆ.

ಕೊರಳು ಬಿಗಿಯುವ ಸಂದರ್ಭಗಳು

ಕೊರಳಿನ ಬಿಗಿತವೆಂದೊಡನೆ ಮನಸ್ಸು ಒಂದೇ ಕಾರಣದತ್ತ ಓಡುತ್ತದೆ. ವಾಸ್ತವದಲ್ಲಿ ಕಾರಣಗಳು ಹಲವು. ದ್ವಿಚಕ್ರ ವಾಹನದ ಹಿಂಬದಿಯಲ್ಲಿ ಕುಳಿತವರ ಸೆರಗು ಅಥವಾ ದುಪಟ್ಟಾ ಚಕ್ರಕ್ಕೆ ಸಿಲುಕಿ ಕೊರಳನ್ನು ಸೆಳೆಯುವುದು ನಮ್ಮ ರಸ್ತೆಗಳಲ್ಲಿ ಅಪರೂಪವಲ್ಲ. ನರ್ತಕಿ ಇಸಡೋರಾ ಡಂಕನ್ ೧೯೨೭ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಮೃತಳಾದುದು ಹೀಗೆಯೇ. ಅವಳ ಉದ್ದನೆಯ ಶಾಲು ಕಾರಿನ ಚಕ್ರಕ್ಕೆ ಸುತ್ತಿಕೊಂಡಿತ್ತು. ನಮ್ಮ ದೇಶದ ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳು ಮೋಟಾರು ಸೈಕಲ್ಲಿನ ಹಿಂದಿನ ಚಕ್ರದ ಅರ್ಧಭಾಗಕ್ಕಾದರೂ ಬಟ್ಟೆ ಸಿಲುಕದಂತೆ ತಡೆ ಇರಬೇಕೆಂದು ವಿಧಿಸಿವೆ. ನಾವು ಸೀರೆ ಗಾರ್ಡ್ ಎಂದು ಕರೆಯುವುದು ಇದನ್ನೇ. ಅಂದಕ್ಕೆ ಕುಂದೆಂದು ಅದನ್ನು ಬಿಚ್ಚಿಸಿಹಾಕುವ ಯುವಕರು ಅದರ ಹಿಂದಿರುವ ಕಾರಣವನ್ನು ತಿಳಿದಿರುವುದಿಲ್ಲ.

ಸುಗ್ಗಿಯ ಕಾಲದಲ್ಲಿ ಒಕ್ಕಣೆ ಯಂತ್ರದ ಬೆಲ್ಟಿಗೂ ತಿರುಗುವ ದಂಡಕ್ಕೂ ಹೆಗಲ ಮೇಲಿನ ವಸ್ತ್ರ, ತಲೆಗೆ ಸುತ್ತಿದ ರುಮಾಲಿನ ತುದಿ, ಸೀರೆಯ ಸೆರಗು ಸಿಲುಕುತ್ತವೆ. ಹಿಟ್ಟಿನ ಗಿರಣಿಯಲ್ಲಿಯೂ ಇದೇ ಅಪಾಯ. ಮಕ್ಕಳ ವಿಷಯ ಬೇರೆ. ತೊಲೆಗೆ ಕಟ್ಟಿದ ಸೀರೆಯ ತೊಟ್ಟಿಲಿನಲ್ಲಿ ದೊಡ್ಡ ಮಕ್ಕಳು ಗಿರಗಿರನೆ ತಿರುಗಿ ಆಡುವಾಗ ಬಟ್ಟೆ ಹೊಸೆದುಕೊಂಡು ಕೊರಳನ್ನು ಬಿಗಿಯುತ್ತದೆ. ನಾಗರಪಂಚಮಿಗೆ ಕಟ್ಟಿದ ಜೋಕಾಲಿಯ ಹಗ್ಗವನ್ನು ಹಬ್ಬ ಮುಗಿದ ಮೇಲೂ ಮರದಲ್ಲಿ ಇಳಿಬಿಟ್ಟರೆ ಅದೂ ಅಪಾಯವೇ.

ಇನ್ನು ಎರಡು ಕಾರಣಗಳನ್ನು ಹೇಳಲು ಸಂಕೋಚವಾದರೂ ಹೇಳದೆ ಇರಲಾಗದು. ಒಂದು, ಜಗಳದಲ್ಲಿ, ಅದರಲ್ಲಿಯೂ ಮನೆಯೊಳಗಿನ ಜಗಳದಲ್ಲಿ, ಒಬ್ಬರು ಮತ್ತೊಬ್ಬರ ಕೊರಳು ಹಿಸುಕುವುದು. ಎರಡು, ಬದುಕಿನ ಭಾರ ತಾಳಲಾರದವರು ತಮಗೆ ತಾವೇ ಮಾಡಿಕೊಳ್ಳುವ ಹಾನಿ. ಕಾರಣ ಯಾವುದೇ ಇರಲಿ, ಶರೀರದೊಳಗೆ ನಡೆಯುವುದು ಒಂದೇ ಬಗೆಯ ಕ್ರಿಯೆ. ಪಾರಾದವರಿಗೆ ಬೇಕಾದ ಆರೈಕೆಯೂ ಒಂದೇ.

ಕೊರಳಿನೊಳಗಿನ ದಾರಿಗಳು

ಕೊರಳಿನ ಮಧ್ಯದಲ್ಲಿ ಧ್ವನಿಪೆಟ್ಟಿಗೆಯೂ ಶ್ವಾಸನಾಳವೂ ಇವೆ. ಅವುಗಳ ಎರಡು ಬದಿಗೆ ಮಿದುಳಿಗೆ ರಕ್ತ ಒಯ್ಯುವ ಕ್ಯಾರಟಿಡ್ ಧಮನಿಗಳೂ ಮಿದುಳಿನಿಂದ ರಕ್ತವನ್ನು ಹಿಂದಕ್ಕೆ ತರುವ ಜುಗುಲರ್ ಸಿರೆಗಳೂ ಹರಿಯುತ್ತವೆ. ಮಿದುಳಿನ ತೂಕವು ಶರೀರದ ತೂಕದ ನೂರರಲ್ಲಿ ಎರಡು ಪಾಲಿನಷ್ಟು ಮಾತ್ರ. ಆದರೆ ನಾವು ಬಳಸುವ ಆಮ್ಲಜನಕದ ಐದರಲ್ಲಿ ಒಂದು ಪಾಲು ಅದಕ್ಕೇ ಬೇಕು. ಹೀಗಾಗಿ ಹಾನಿಯ ಮೊದಲ ಸರದಿ ಮಿದುಳಿನದು.

ಈ ಧಮನಿಗಳ ಪಕ್ಕದಲ್ಲಿಯೇ ವೇಗಸ್ ಎಂಬ ಉದ್ದನೆಯ ನರವು ಮಿದುಳಿನಿಂದ ಇಳಿದು ಹೃದಯದವರೆಗೂ ಅದರಾಚೆಗೂ ಸಾಗುತ್ತದೆ. ಹೃದಯದ ಬಡಿತವನ್ನು ನಿಧಾನಗೊಳಿಸುವ ಕಡಿವಾಣ ಅದು. ಕ್ಯಾರಟಿಡ್ ಧಮನಿ ಕವಲೊಡೆಯುವ ಜಾಗದಲ್ಲಿ ಎರಡು ಪುಟ್ಟ ಕಾವಲುಗಾರರಿದ್ದಾರೆ. ಒಂದು ರಕ್ತದ ಒತ್ತಡವನ್ನು ಅಳೆಯುತ್ತದೆ, ಮತ್ತೊಂದು ರಕ್ತದಲ್ಲಿನ ಆಮ್ಲಜನಕವನ್ನು ಅರಿಯುತ್ತದೆ. ಈ ಕಾವಲುಗಾರರು ಉಸಿರಾಟವನ್ನು ಹೇಗೆ ನಿಯಂತ್ರಿಸುತ್ತಾರೆಂಬುದನ್ನು ತೋರಿಸಿಕೊಟ್ಟುದಕ್ಕಾಗಿ ಬೆಲ್ಜಿಯಂ ದೇಶದ ವಿಜ್ಞಾನಿ ಹೇಮನ್ಸ್ ಅವರಿಗೆ ೧೯೩೮ರ ನೊಬೆಲ್ ಪಾರಿತೋಷಕ ದೊರೆಯಿತು. ಕೊರಳಿಗೂ ಹೃದಯಕ್ಕೂ ಎಷ್ಟು ಹತ್ತಿರದ ನಂಟು ಎಂಬುದಕ್ಕೆ ಇಷ್ಟು ಸಾಕು. ಕೊರಳನ್ನು ಒತ್ತಿದರೆ ಹೃದಯದ ಆಳ್ವಿಕೆಯ ತಂತಿಗಳನ್ನೇ ಒತ್ತಿದಂತೆ.

ಹೃದಯ ಏಕೆ ಸೋಲುತ್ತದೆ?

ಆರೋಗ್ಯವಂತರ ಹೃದಯವು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ ಸುಮಾರು ೫ ಲೀಟರ್ ರಕ್ತವನ್ನು ತಳ್ಳುತ್ತದೆ, ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿಯುತ್ತದೆ. ಈ ಕೆಲಸದ ಮುಖ್ಯ ಹೊರೆ ಹೊತ್ತಿರುವುದು ಎಡ ಹೃತ್ಕುಕ್ಷಿ. ತುಂಬಿದ ರಕ್ತದಲ್ಲಿ ನೂರಕ್ಕೆ ೫೫ ಪಾಲಿಗಿಂತ ಹೆಚ್ಚನ್ನು ಅದು ಪ್ರತಿ ಬಡಿತಕ್ಕೂ ಹೊರಗೆ ತಳ್ಳುತ್ತದೆ. ಕೊರಳಿನ ಗಾಯದ ಬಳಿಕ ಈ ಪ್ರಮಾಣ ಕುಸಿಯುವುದುಂಟು. ಅದಕ್ಕೆ ಕಾರಣಗಳು ನಾಲ್ಕು. ಕೆಲವರಲ್ಲಿ ಒಂದು, ಕೆಲವರಲ್ಲಿ ನಾಲ್ಕೂ ಕೂಡಿರುತ್ತವೆ.

ಮೊದಲನೆಯದು ಆಮ್ಲಜನಕದ ಕೊರತೆ. ಹೃದಯದ ಸ್ನಾಯು ಎಂದೂ ಬಿಡುವು ಪಡೆಯದ ಸ್ನಾಯು. ತೋಳು ಕಾಲುಗಳ ಸ್ನಾಯುಗಳು ಸ್ವಲ್ಪ ಹೊತ್ತು ಸಾಲ ಮಾಡಿ ನಡೆಸಬಲ್ಲವು, ಹೃದಯಕ್ಕೆ ಆ ಶಕ್ತಿ ಬಹಳ ಕಡಿಮೆ. ಉಸಿರು ನಿಂತು ರಕ್ತದಲ್ಲಿ ಆಮ್ಲಜನಕ ಇಳಿದಾಗ ಹೃದಯದ ಬಡಿತ ಮೊದಲು ವೇಗಗೊಂಡು, ಆಮೇಲೆ ನಿಧಾನವಾಗಿ, ಕೊನೆಗೆ ನಿಂತೇಹೋಗಬಹುದು. ನಿಂತ ಹೃದಯವನ್ನು ಎದೆಯೊತ್ತಿ ಮತ್ತೆ ಬಡಿಯುವಂತೆ ಮಾಡಿದರೂ ಅದು ಕೂಡಲೇ ಮೊದಲಿನಂತಾಗುವುದಿಲ್ಲ. ರಕ್ತ ಮರಳಿದ ಮೇಲೆಯೂ ಸ್ನಾಯು ಮಂಕಾಗಿಯೇ ಇರುತ್ತದೆ. ಜೀವಕೋಶಗಳು ಸತ್ತಿರುವುದಿಲ್ಲ, ದಿಗ್ಭ್ರಮೆಗೊಂಡಿರುತ್ತವೆ. ಈ ಸ್ಥಿತಿಗೆ ಬ್ರೌನ್‌ವಾಲ್ಡ್ ಮತ್ತು ಕ್ಲೋನರ್ ಎಂಬ ಅಮೆರಿಕದ ವೈದ್ಯರು ೧೯೮೨ರಲ್ಲಿ ದಿಗ್ಭ್ರಾಂತ ಹೃದಯಸ್ನಾಯು ಎಂಬ ಅರ್ಥದ ಹೆಸರನ್ನಿತ್ತರು. ಹೃದಯ ನಿಂತು ಮರಳಿ ಬಡಿದವರಲ್ಲಿ ಈ ಮಂಕು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಹರಿಯತೊಡಗುತ್ತದೆ.

ಎರಡನೆಯದು ನರಗಳ ಪ್ರತಿಕ್ರಿಯೆ. ಕ್ಯಾರಟಿಡ್ ಕವಲಿನ ಕಾವಲುಗಾರನ ಮೇಲೆ ಹೊರಗಿನಿಂದ ಒತ್ತಡ ಬಿದ್ದಾಗ ರಕ್ತದ ಒತ್ತಡ ಏರಿದೆಯೆಂದು ಅದು ತಪ್ಪಾಗಿ ತಿಳಿಯುತ್ತದೆ. ಕೂಡಲೇ ವೇಗಸ್ ನರದ ಮೂಲಕ ಬಡಿತವನ್ನು ತಗ್ಗಿಸಲು ಆಜ್ಞೆ ಹೋಗುತ್ತದೆ. ಹೃದಯ ಅತಿ ನಿಧಾನವಾಗುತ್ತದೆ, ಬಡಿತದ ಲಯ ತಪ್ಪುತ್ತದೆ. ವಯಸ್ಸಾದವರಲ್ಲಿಯೂ ಮೊದಲೇ ಹೃದ್ರೋಗವುಳ್ಳವರಲ್ಲಿಯೂ ಈ ಪ್ರತಿಕ್ರಿಯೆ ಹೆಚ್ಚು ತೀವ್ರ.

ಮೂರನೆಯದು ಭಯದ ರಸಗಳ ಪ್ರವಾಹ. ಪ್ರಾಣಕ್ಕೆ ಸಂಚಕಾರ ಬಂದಾಗ ಶರೀರವು ಅಡ್ರಿನಲಿನ್ ಮತ್ತು ಅದರ ಬಳಗದ ರಸಗಳನ್ನು ಒಮ್ಮೆಗೇ ರಕ್ತಕ್ಕೆ ಸುರಿಯುತ್ತದೆ. ಮಿದುಳಿಗೆ ರಕ್ತ ಕಡಿಮೆಯಾದಾಗಲೂ ಹೀಗೆಯೇ. ಹಿತಮಿತವಾಗಿದ್ದರೆ ಹೃದಯಕ್ಕೆ ಬಲ ಕೊಡುವ ಈ ರಸಗಳು ಮಿತಿ ಮೀರಿದರೆ ಅದೇ ಸ್ನಾಯುವಿಗೆ ವಿಷವಾಗುತ್ತವೆ. ೧೯೯೦ರಲ್ಲಿ ಜಪಾನಿನ ಸಾಟೊ ಮತ್ತು ಅವರ ಸಂಗಡಿಗರು ಇಂತಹ ಒಂದು ಸ್ಥಿತಿಯನ್ನು ವರ್ಣಿಸಿದರು. ಎಡ ಹೃತ್ಕುಕ್ಷಿಯ ತುದಿ ಬಲೂನಿನಂತೆ ಉಬ್ಬಿ ನಿಶ್ಚಲವಾಗಿರುತ್ತದೆ, ಬುಡ ಮಾತ್ರ ಬಿರುಸಾಗಿ ಕುಗ್ಗುತ್ತಿರುತ್ತದೆ. ಆ ಆಕಾರವು ಜಪಾನಿನ ಮೀನುಗಾರರು ಅಷ್ಟಪದಿಯನ್ನು ಹಿಡಿಯಲು ಸಮುದ್ರಕ್ಕಿಳಿಸುವ, ಕಿರಿದಾದ ಕಂಠದ ಅಗಲ ಹೊಟ್ಟೆಯ ಮಡಕೆಯನ್ನು ಹೋಲುತ್ತಿತ್ತು. ಆ ಮಡಕೆಯ ಹೆಸರು ಟಾಕೊಟ್ಸುಬೊ; ರೋಗಕ್ಕೂ ಅದೇ ಹೆಸರು ನಿಂತಿತು. ಪ್ರಿಯರ ಮರಣ, ಭೂಕಂಪ, ಅಪಘಾತಗಳಂತಹ ಆಘಾತಗಳ ಬೆನ್ನಲ್ಲಿ ಇದು ಬರುತ್ತದೆ. ೨೦೦೪ರಲ್ಲಿ ಜಪಾನಿನ ನೀಗಾಟಾ ಪ್ರಾಂತದಲ್ಲಿ ಭೂಕಂಪವಾದಾಗ ಅಲ್ಲಿಯ ಆಸ್ಪತ್ರೆಗಳಲ್ಲಿ ಇಂತಹ ರೋಗಿಗಳ ಸಂಖ್ಯೆ ಏರಿತು. ಕೊರಳಿನ ಬಿಗಿತದಿಂದ ಪಾರಾದವರಲ್ಲಿಯೂ ಇದೇ ಚಿತ್ರವನ್ನು ವೈದ್ಯರು ಕಂಡು ವರದಿ ಮಾಡಿದ್ದಾರೆ. ಸಾಮಾನ್ಯವಾಗಿ ಟಾಕೊಟ್ಸುಬೊ ಮುಟ್ಟು ನಿಂತ ವಯಸ್ಸಿನ ಮಹಿಳೆಯರಲ್ಲಿ ಹೆಚ್ಚು. ಆದರೆ ಕೊರಳಿನ ಗಾಯದಂತಹ ದೈಹಿಕ ಆಘಾತವಾದಾಗ ತರುಣರಿಗೂ ಗಂಡಸರಿಗೂ ಅದು ಬರಬಹುದು.

ನಾಲ್ಕನೆಯದು ಶ್ವಾಸಕೋಶದ ಕಡೆಯಿಂದ ಬರುವ ಹೊರೆ. ಶ್ವಾಸನಾಳ ಮುಚ್ಚಿರುವಾಗ ಎದೆಯು ಗಾಳಿಯನ್ನು ಒಳಗೆಳೆಯಲು ಪ್ರಾಣಪಣವಾಗಿ ಹೆಣಗುತ್ತದೆ. ಗಾಳಿ ಬಾರದೆ ಎದೆಯೊಳಗೆ ಭಾರೀ ಸೆಳೆತ ಹುಟ್ಟುತ್ತದೆ. ಆ ಸೆಳೆತಕ್ಕೆ ರಕ್ತನಾಳಗಳಿಂದ ದ್ರವವು ಜಿನುಗಿ ಶ್ವಾಸಕೋಶದ ಗಾಳಿಗೂಡುಗಳನ್ನು ತುಂಬುತ್ತದೆ. ಮಿದುಳಿನ ಆಘಾತದಿಂದಲೂ ಶ್ವಾಸಕೋಶಕ್ಕೆ ಹೀಗೆ ನೀರು ತುಂಬುವುದುಂಟು. ಕಟ್ಟು ಬಿಚ್ಚಿದಾಗ ಸರಾಗವಾಗಿದ್ದ ಉಸಿರು ಕೆಲವು ಗಂಟೆಗಳ ಬಳಿಕ ಏದುಸಿರಾಗಲು, ಬಾಯಲ್ಲಿ ನೊರೆ ಬರಲು ಇದೇ ಕಾರಣ. ಈಗಾಗಲೇ ಬಳಲಿದ ಹೃದಯವು ಇಂತಹ ಒದ್ದೆಯಾದ ಶ್ವಾಸಕೋಶದ ಮೂಲಕ ರಕ್ತವನ್ನು ತಳ್ಳಬೇಕಾಗುತ್ತದೆ. ಹೃದಯದ ಸೋಲು ಶ್ವಾಸಕೋಶದಲ್ಲಿ ಮತ್ತಷ್ಟು ನೀರನ್ನು ನಿಲ್ಲಿಸುತ್ತದೆ. ಒಂದರ ಕೇಡು ಮತ್ತೊಂದರ ಕೇಡನ್ನು ಬೆಳೆಸುತ್ತ ಹೋಗುತ್ತದೆ.

ಗಮನಿಸಬೇಕಾದ ಲಕ್ಷಣಗಳು

ಕೊರಳಿನ ಮೇಲೆ ಗುರುತೇ ಇಲ್ಲದಿರಬಹುದು. ಮೆತ್ತನೆಯ ಬಟ್ಟೆಯಿಂದಲೋ ಕೈಯಿಂದಲೋ ಆದ ಒತ್ತಡವು ಚರ್ಮದ ಮೇಲೆ ಕಲೆಯನ್ನು ಬಿಡದೆಯೂ ಒಳಗೆ ಹಾನಿ ಮಾಡುತ್ತದೆ. ಆದುದರಿಂದ ಕಲೆಯಿಲ್ಲವೆಂಬುದು ಸಮಾಧಾನಕ್ಕೆ ಕಾರಣವಲ್ಲ. ಮುಂದೆ ಹೇಳುವ ಯಾವ ಲಕ್ಷಣ ಕಂಡರೂ ಅದು ಎಚ್ಚರಿಕೆಯ ಗಂಟೆ.

ಎದೆಯಲ್ಲಿ ನೋವು ಅಥವಾ ಬಿಗಿತ, ಬಡಿತ ಅತಿ ವೇಗವಾಗುವುದು ಅಥವಾ ತಪ್ಪಿ ತಪ್ಪಿ ಬಡಿಯುವುದು, ಏದುಸಿರು, ಮಲಗಿದರೆ ಹೆಚ್ಚುವ ಉಸಿರುಗಟ್ಟುವಿಕೆ, ನೊರೆ ಕೂಡಿದ ಕಫ, ಮೈ ತಣ್ಣಗಾಗಿ ಬೆವರುವುದು, ತಲೆಸುತ್ತಿ ಬೀಳುವುದು, ಇವು ಹೃದಯ ಶ್ವಾಸಕೋಶಗಳು ಸೋಲುತ್ತಿರುವುದರ ಗುರುತುಗಳು. ಧ್ವನಿ ಒಡೆಯುವುದು, ನುಂಗಲು ಕಷ್ಟ, ಉಸಿರಾಡುವಾಗ ಸೀಟಿಯಂತಹ ಸದ್ದು, ಕೊರಳು ಊದಿಕೊಳ್ಳುವುದು, ಇವು ಶ್ವಾಸಮಾರ್ಗದ ಅಪಾಯವನ್ನು ಹೇಳುತ್ತವೆ. ಗೊಂದಲ, ಮರೆವು, ಅತಿಯಾದ ನಿದ್ದೆ, ಅಪಸ್ಮಾರ, ಮುಖ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು ಮಿದುಳಿನ ಲಕ್ಷಣಗಳು. ಈ ಕೊನೆಯವು ಕೆಲವೊಮ್ಮೆ ದಿನಗಳ ನಂತರವೂ ಬರುತ್ತವೆ. ಕ್ಯಾರಟಿಡ್ ಧಮನಿಯ ಒಳಪದರ ಸೀಳಿ, ಅಲ್ಲಿ ಹೆಪ್ಪುಗಟ್ಟಿದ ರಕ್ತ ಮೆಲ್ಲನೆ ಮಿದುಳಿಗೆ ಸಾಗುವುದೇ ಅದಕ್ಕೆ ಕಾರಣ. ಗರ್ಭಿಣಿಯರಲ್ಲಿ ತಾಯಿಯ ಜೊತೆಗೆ ಕೂಸಿನ ಪರೀಕ್ಷೆಯೂ ಅಗತ್ಯ.

ಇವುಗಳಲ್ಲಿ ಒಂದೂ ಇಲ್ಲದಿದ್ದರೂ ಆಸ್ಪತ್ರೆಗೆ ಕರೆದೊಯ್ಯುವುದೇ ಸರಿ. ಮೊದಲ ದಿನದ ನಿಗಾ ಅತ್ಯಂತ ಮುಖ್ಯ.

ತಕ್ಷಣ ಮಾಡಬೇಕಾದುದು

ಕೊರಳಿನ ಬಿಗಿತವನ್ನು ಮೊದಲು ಬಿಡಿಸಬೇಕು. ಶರೀರದ ಭಾರವನ್ನು ಎತ್ತಿ ಹಿಡಿದು, ಬಟ್ಟೆಯನ್ನು ಕತ್ತರಿಸಿ, ವ್ಯಕ್ತಿಯನ್ನು ನೆಲದ ಮೇಲೆ ಅಂಗಾತ ಮಲಗಿಸಬೇಕು. ಯಂತ್ರ ಅಥವಾ ವಾಹನವಾದರೆ ಮೊದಲು ಅದನ್ನು ನಿಲ್ಲಿಸಬೇಕು. ಕತ್ತನ್ನು ಹೊರಳಿಸದೆ ತಲೆ ಮತ್ತು ಬೆನ್ನು ಒಂದೇ ನೇರದಲ್ಲಿರುವಂತೆ ನೋಡಿಕೊಳ್ಳಬೇಕು. ಅದೇ ಹೊತ್ತಿಗೆ ಮತ್ತೊಬ್ಬರು ೧೦೮ಕ್ಕೆ ಕರೆ ಮಾಡಬೇಕು.

ಪ್ರಜ್ಞೆಯಿಲ್ಲದೆ, ಸಹಜವಾಗಿ ಉಸಿರಾಡದೆ ಇದ್ದರೆ ಎದೆಯ ನಡುವೆ ಎರಡು ಅಂಗೈಗಳನ್ನಿಟ್ಟು ಒತ್ತಲು ತೊಡಗಬೇಕು. ವಯಸ್ಕರಲ್ಲಿ ೫ರಿಂದ ೬ ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ ೧೦೦ರಿಂದ ೧೨೦ ಸಲ ಒತ್ತಬೇಕು. ತರಬೇತಿ ಪಡೆದವರು ಪ್ರತಿ ೩೦ ಒತ್ತುಗಳಿಗೆ ೨ ಸಲ ಬಾಯಿಯ ಮೂಲಕ ಉಸಿರು ಕೊಡಬೇಕು. ಉಸಿರುಗಟ್ಟಿ ನಿಂತ ಹೃದಯಕ್ಕೆ ಈ ಉಸಿರು ಬಹಳ ಬೆಲೆಯುಳ್ಳದ್ದು. ತರಬೇತಿಯಿಲ್ಲದವರು ಒತ್ತುವುದನ್ನಷ್ಟೇ ನಿಲ್ಲಿಸದೆ ಮಾಡಿದರೂ ಪ್ರಾಣ ಉಳಿಯಬಹುದು. ಉಸಿರಾಟವಿದ್ದು ಪ್ರಜ್ಞೆ ಮಾತ್ರ ಇಲ್ಲದಿದ್ದರೆ, ಕತ್ತು ತಿರುಚದಂತೆ ಮೈಯನ್ನು ಒಟ್ಟಾಗಿ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು.

ನೀರು, ಹಾಲು, ಔಷಧ ಯಾವುದನ್ನೂ ಬಾಯಿಗೆ ಹಾಕಬಾರದು. ನುಂಗುವ ಶಕ್ತಿ ಕುಂದಿರುವಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮುಖಕ್ಕೆ ನೀರೆರಚುವುದು, ಈರುಳ್ಳಿ ಮೂಸಿಸುವುದು, ಕೊರಳಿಗೆ ಎಣ್ಣೆ ತಿಕ್ಕುವುದು, ಕತ್ತು ನೀವುವುದು ಇವೆಲ್ಲ ಸಮಯವನ್ನು ನುಂಗುತ್ತವೆ. ಗಾಯಗೊಂಡ ಧಮನಿಯನ್ನು ನೀವಿದರೆ ಹಾನಿಯೂ ಆದೀತು.

ಆಸ್ಪತ್ರೆಯಲ್ಲಿ ನಡೆಯುವ ಆರೈಕೆ

ವೈದ್ಯರು ಮೊದಲು ಶ್ವಾಸಮಾರ್ಗವನ್ನು ಕಾಪಾಡಿ ಆಮ್ಲಜನಕ ಕೊಡುತ್ತಾರೆ. ಅಗತ್ಯ ಬಿದ್ದರೆ ಗಂಟಲಿಗೆ ನಳಿಕೆ ಇಳಿಸಿ ಕೃತಕ ಉಸಿರಾಟದ ಯಂತ್ರವನ್ನು ಜೋಡಿಸುತ್ತಾರೆ. ಹೃದಯದ ಸ್ಥಿತಿಯನ್ನು ತಿಳಿಯಲು ಮೂರು ಪರೀಕ್ಷೆಗಳು ಮುಖ್ಯ. ಇಸಿಜಿಯು ಬಡಿತದ ಲಯವನ್ನು ತೋರಿಸುತ್ತದೆ. ರಕ್ತದಲ್ಲಿನ ಟ್ರೋಪೋನಿನ್ ಎಂಬ ವಸ್ತುವಿನ ಏರಿಕೆಯು ಹೃದಯಸ್ನಾಯುವಿಗೆ ಪೆಟ್ಟಾಗಿರುವುದನ್ನು ಹೇಳುತ್ತದೆ. ಎಕೋ ಪರೀಕ್ಷೆಯಲ್ಲಿ ಹೃದಯ ಹೇಗೆ ಕುಗ್ಗುತ್ತಿದೆ, ಎಷ್ಟು ರಕ್ತವನ್ನು ತಳ್ಳುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಎಕೋ ನೋವಿಲ್ಲದ ಪರೀಕ್ಷೆ. ಹಾಸಿಗೆಯ ಬಳಿಯಲ್ಲಿಯೇ ಮಾಡಬಹುದು. ಮೊದಲ ದಿನ ಸರಿಯಾಗಿದ್ದ ಹೃದಯವು ಮರುದಿನ ಕುಂದಬಹುದಾದ್ದರಿಂದ ಇವನ್ನು ಮತ್ತೊಮ್ಮೆ ಮಾಡಿಸಲು ವೈದ್ಯರು ಹೇಳಿದರೆ ಅದನ್ನು ವೃಥಾ ವೆಚ್ಚವೆಂದು ತಿಳಿಯಬಾರದು. ಕೊರಳಿನ ರಕ್ತನಾಳಗಳನ್ನು ನೋಡಲು ಸಿಟಿ ಆಂಜಿಯೋಗ್ರಾಮ್ ಬೇಕಾಗುವುದುಂಟು.

ಇಸಿಜಿಯ ಗೆರೆಗಳೂ ಟ್ರೋಪೋನಿನ್ ಏರಿಕೆಯೂ ಸಾಮಾನ್ಯ ಹೃದಯಾಘಾತವನ್ನೇ ಹೋಲುತ್ತವೆ. ಹೃದಯಾಘಾತದಲ್ಲಿ ಹೃದಯದ ರಕ್ತನಾಳ ಮುಚ್ಚಿರುತ್ತದೆ, ಟಾಕೊಟ್ಸುಬೊದಲ್ಲಿ ಸ್ನಾಯುವಿನ ಸೋಲನ್ನು ವಿವರಿಸುವಂತಹ ಅಡ್ಡಿ ರಕ್ತನಾಳದಲ್ಲಿ ಇರುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಔಷಧ ಕೊಟ್ಟರೆ ಕೆಡುಕಾಗಬಹುದು. ಅಡ್ರಿನಲಿನ್ ಬಳಗದ ಔಷಧಗಳಿಂದಲೇ ಕೆಲವು ರೋಗಿಗಳ ಸ್ಥಿತಿ ಹದಗೆಡುತ್ತದೆ. ಹೀಗಾಗಿ ಕೊರಳಿಗೆ ಏನಾಗಿತ್ತೆಂಬ ನಿಜವನ್ನು ವೈದ್ಯರಿಗೆ ತಿಳಿಸುವುದು ಚಿಕಿತ್ಸೆಯ ಮೊದಲ ಮೆಟ್ಟಿಲು. ಎದೆನೋವೆಂದಷ್ಟೇ ಹೇಳಿ ಕೊರಳಿನ ಸಂಗತಿಯನ್ನು ಮುಚ್ಚಿಟ್ಟರೆ ವೈದ್ಯರ ಕಣ್ಣಿಗೆ ಬಟ್ಟೆ ಕಟ್ಟಿದಂತಾಗುತ್ತದೆ.

ಇನ್ನೊಂದು ಸಣ್ಣ ಮಾತನ್ನು ನಮ್ಮ ಭಕ್ತರಿಗೆ ಹೇಳಬೇಕಾಗಿದೆ. ಪರೀಕ್ಷೆಗಳ ಹೊತ್ತಿನಲ್ಲಿ ಕೊರಳಿನ ಸರ, ತಾಳಿ, ಇಷ್ಟಲಿಂಗದ ಶಿವದಾರ ಮತ್ತು ಕರಡಿಗೆಗಳನ್ನು ತೆಗೆಯಬೇಕಾಗಬಹುದು. ಊದಿಕೊಂಡ ಕೊರಳಿಗೆ ಯಾವ ದಾರವೂ ಬಿಗಿಯಾಗಿರಬಾರದು. ಮನೆಯವರೊಬ್ಬರು ಅದನ್ನು ಭಕ್ತಿಯಿಂದ ತೆಗೆದು ತಮ್ಮ ಬಳಿ ಜೋಪಾನ ಮಾಡಲಿ. ಇದಕ್ಕೆ ಅಡ್ಡಿ ಹೇಳಿ ಚಿಕಿತ್ಸೆಯನ್ನು ತಡೆಯುವುದು ಸಲ್ಲದು.

ಚೇತರಿಕೆಯ ಹಾದಿ

ಈ ಬಗೆಯ ಹೃದಯದ ಸೋಲಿನಲ್ಲಿ ಆಶಾದಾಯಕವಾದುದು ಅದರ ಹಿಮ್ಮರಳುವ ಗುಣ. ದಿಗ್ಭ್ರಮೆಗೊಂಡ ಸ್ನಾಯು ದಿನಗಳಲ್ಲಿಯೂ ಟಾಕೊಟ್ಸುಬೊ ಹೃದಯವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿಯೂ ಮೊದಲಿನ ಆಕಾರಕ್ಕೂ ಬಲಕ್ಕೂ ಮರಳುತ್ತವೆ. ನಡುವಿನ ಆ ದಿನಗಳನ್ನು ದಾಟಿಸುವುದೇ ಚಿಕಿತ್ಸೆಯ ಗುರಿ. ಶ್ವಾಸಕೋಶದ ನೀರನ್ನು ಇಳಿಸುವುದು, ರಕ್ತದೊತ್ತಡವನ್ನು ಹದದಲ್ಲಿಡುವುದು, ಲಯ ತಪ್ಪಿದರೆ ತಿದ್ದುವುದು, ಜ್ವರ ಬಾರದಂತೆ ನೋಡಿಕೊಳ್ಳುವುದು, ಇಷ್ಟನ್ನು ತೀವ್ರ ನಿಗಾ ಘಟಕದಲ್ಲಿ ಮಾಡುತ್ತಾರೆ. ಕೊನೆಗೆ ಎಲ್ಲರೂ ಉಳಿಯುವರೆಂದು ಹೇಳಲಾಗದು. ಮಿದುಳು ಎಷ್ಟು ಹೊತ್ತು ಆಮ್ಲಜನಕವಿಲ್ಲದೆ ಇತ್ತೆಂಬುದರ ಮೇಲೆ ಬಹಳಷ್ಟು ನಿಂತಿದೆ. ಆದರೆ ಮಿದುಳು ಉಳಿದವರನ್ನು ಹೃದಯದ ತಾತ್ಕಾಲಿಕ ಸೋಲಿಗೆ ಕಳೆದುಕೊಳ್ಳುವುದು ತಪ್ಪಿಸಬಹುದಾದ ನಷ್ಟ.

ಮನೆಗೆ ಮರಳಿದ ಮೇಲೆ ವೈದ್ಯರು ಹೇಳಿದ ದಿನಕ್ಕೆ ಎಕೋ ಮಾಡಿಸಿ ಹೃದಯ ಪೂರ್ಣ ಚೇತರಿಸಿದುದನ್ನು ಖಚಿತಪಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಹೊಲದ ಭಾರವಾದ ಕೆಲಸ, ಓಟ, ಬಿಂದಿಗೆ ಹೊರುವುದು ಬೇಡ. ಔಷಧವನ್ನು ತಾವೇ ನಿಲ್ಲಿಸಬಾರದು.

ಅಂಜಿಕೆ, ನಾಚಿಕೆ ಮತ್ತು ಕಾನೂನು

ಇಷ್ಟೆಲ್ಲ ತಿಳಿದರೂ ಹಲವು ಕುಟುಂಬಗಳು ಆಸ್ಪತ್ರೆಯ ಬಾಗಿಲು ತಟ್ಟುವುದಿಲ್ಲ. ಪೊಲೀಸರು ಬಂದಾರು, ಊರಿನವರು ಆಡಿಕೊಂಡಾರು, ಹೆಣ್ಣುಮಗಳ ಮದುವೆಗೆ ತೊಡಕಾದೀತು ಎಂಬ ಚಿಂತೆ. ಈ ಚಿಂತೆಗೆ ಒಂದು ರಾತ್ರಿಯನ್ನು ಕೊಟ್ಟರೂ ಸಾಕು, ಆ ರಾತ್ರಿಯೇ ಹೃದಯ ಸೋಲುವ ರಾತ್ರಿಯಾಗಬಹುದು.

ಕಾನೂನು ಏನೆನ್ನುತ್ತದೆಂಬುದನ್ನು ಅರಿತರೆ ಅರ್ಧ ಭಯ ನೀಗುತ್ತದೆ. ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ೧೯೮೯ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಾಣ ಉಳಿಸುವ ಚಿಕಿತ್ಸೆಯನ್ನು ಪೊಲೀಸ್ ವಿಧಿವಿಧಾನಗಳಿಗಾಗಿ ತಡೆಯಕೂಡದು, ಸರ್ಕಾರಿ ವೈದ್ಯರಿರಲಿ ಖಾಸಗಿ ವೈದ್ಯರಿರಲಿ ಮೊದಲು ಚಿಕಿತ್ಸೆ ನೀಡಬೇಕು ಎಂದು ತೀರ್ಪಿತ್ತಿದೆ. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ೧೧೫ನೆಯ ಕಲಮು, ತನ್ನ ಜೀವಕ್ಕೆ ತಾನೇ ಎರವಾಗಲು ಹೊರಟ ವ್ಯಕ್ತಿಯು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅನ್ಯಥಾ ಸಾಬೀತಾಗದ ಹೊರತು ಅವನನ್ನು ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸಕೂಡದು ಎಂದು ಹೇಳುತ್ತದೆ. ಅಂತಹವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವೆಂದೂ ಅದೇ ಕಲಮು ವಿಧಿಸಿದೆ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡಬಹುದು. ಅದು ದಾಖಲೆಯ ಕ್ರಮ. ಅದಕ್ಕಾಗಿ ಜೀವವನ್ನು ಪಣವಾಗಿಡಬೇಕಾಗಿಲ್ಲ.

ಕೊರಳು ಹಿಸುಕಿಸಿಕೊಂಡ ಹೆಣ್ಣುಮಗಳು ತವರಿಗೆ ಬಂದು ಹೇಳಿಕೊಂಡಾಗ ಅದನ್ನು ಗಂಡಹೆಂಡಿರ ಜಗಳವೆಂದು ತಳ್ಳಿಹಾಕಬಾರದು. ಒಮ್ಮೆ ಕೊರಳಿಗೆ ಬಂದ ಕೈ ಮತ್ತೆ ಬರುವ ಸಂಭವ ಹೆಚ್ಚು. ಅವಳನ್ನು ಮೊದಲು ವೈದ್ಯರಲ್ಲಿಗೆ, ಆಮೇಲೆ ಸುರಕ್ಷಿತ ತಾಣಕ್ಕೆ ಒಯ್ಯಬೇಕು. ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ ಅವಳ ಬೆನ್ನಿಗಿದೆ. ಮಹಿಳಾ ಸಹಾಯವಾಣಿ ೧೮೧, ತುರ್ತು ನೆರವಿಗೆ ೧೧೨.

ತಮಗೆ ತಾವೇ ಹಾನಿ ಮಾಡಿಕೊಂಡವರ ಮನಸ್ಸಿಗೂ ಹೃದಯದಷ್ಟೇ ಚಿಕಿತ್ಸೆ ಬೇಕು. ಬೈಗುಳ, ಉಪದೇಶ, ಆಣೆ ಪ್ರಮಾಣಗಳು ಆ ಹೊತ್ತಿಗೆ ನಿಷ್ಫಲ. ಪಕ್ಕದಲ್ಲಿ ಕುಳಿತು ಅವರ ಮಾತನ್ನು ಕೇಳುವವರು ಬೇಕು. ಬದುಕು ಬೇಡವೆನಿಸುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ. ಒಳಗೆ ಅದುಮಿಟ್ಟ ಭಾರವನ್ನು ಇಳಿಸಲು ದಾರಿಯಾಗುತ್ತದೆ. ಆಸ್ಪತ್ರೆಯಿಂದ ಮರಳಿದ ಮೊದಲ ವಾರಗಳು ನಾಜೂಕಾದವು. ಆ ದಿನಗಳಲ್ಲಿ ಅವರನ್ನು ಒಂಟಿಯಾಗಿ ಬಿಡದೆ, ಮನೋವೈದ್ಯರ ಭೇಟಿಯನ್ನು ತಪ್ಪಿಸದೆ ನೋಡಿಕೊಳ್ಳಬೇಕು. ಕೇಂದ್ರ ಸರ್ಕಾರವು ೨೦೨೨ರ ಅಕ್ಟೋಬರ್ ೧೦ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. ೧೪೪೧೬ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನೊಂದವರು ಮಾತ್ರವಲ್ಲ, ಅವರನ್ನು ನೋಡಿಕೊಳ್ಳುವವರೂ ಕರೆ ಮಾಡಬಹುದು.

ತಡೆಯುವ ಬಗೆ

ಅಪಘಾತಗಳನ್ನು ತಡೆಯಲು ದೊಡ್ಡ ವೆಚ್ಚ ಬೇಕಾಗಿಲ್ಲ. ವಾಹನ ಏರುವ ಮೊದಲು ಸೆರಗು ದುಪಟ್ಟಾಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಸೀರೆ ಗಾರ್ಡ್ ತೆಗೆಸಬಾರದು. ಒಕ್ಕಣೆ ಯಂತ್ರದ ಬೆಲ್ಟಿಗೆ ಮುಚ್ಚಿಗೆ ಇರಬೇಕು, ಅದರ ಬಳಿ ಸಡಿಲ ಬಟ್ಟೆ ತೊಟ್ಟು ನಿಲ್ಲಬಾರದು. ಕೊರಳಿನ ದಾರಗಳನ್ನು ಅಂಗಿಯ ಒಳಗೆ ಸೇರಿಸಿಕೊಳ್ಳಬೇಕು. ಯಂತ್ರಗಳ ಸುರಕ್ಷತೆಗೆಂದು ೧೯೮೩ರಲ್ಲಿಯೇ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಬಂದಿದೆ. ಕೊಳ್ಳುವಾಗ ಸುರಕ್ಷತಾ ಸಾಧನಗಳುಳ್ಳ ಯಂತ್ರವನ್ನೇ ಕೇಳಿ ಪಡೆಯಬೇಕು. ಸೀರೆಯ ತೊಟ್ಟಿಲನ್ನು ಹಸುಗೂಸಿಗೆ ಮಾತ್ರ, ದೊಡ್ಡವರ ಕಣ್ಣೆದುರಿಗೆ ಮಾತ್ರ ಬಳಸಿ, ಕೆಲಸ ಮುಗಿದೊಡನೆ ಬಿಚ್ಚಿಡಬೇಕು. ಪಂಚಮಿಯ ಜೋಕಾಲಿಯನ್ನು ಹಬ್ಬದ ಮರುದಿನವೇ ಇಳಿಸಬೇಕು.

ಎದೆಯೊತ್ತುವ ಕ್ರಮವನ್ನು ಪ್ರತಿ ಮನೆಯಲ್ಲಿ ಒಬ್ಬರಾದರೂ ಕಲಿತಿರಲಿ ಎಂಬುದು ನಮ್ಮ ಅಪೇಕ್ಷೆ. ಊರಿನ ಯುವಕ ಸಂಘಗಳೂ ಅಕ್ಕನ ಬಳಗಗಳೂ ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರನ್ನು ಕರೆಸಿ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಡಬಹುದು. ೧೦೮, ೧೧೨, ೧೮೧, ೧೪೪೧೬ ಈ ನಾಲ್ಕು ಸಂಖ್ಯೆಗಳನ್ನು ಅಡುಗೆಮನೆಯ ಗೋಡೆಯ ಮೇಲೆ ಮಕ್ಕಳಿಗೂ ಕಾಣುವಂತೆ ಬರೆದಿಡಿರಿ. ಕೊರಳಿನ ಬಿಗಿತದಿಂದ ಪಾರಾದವರು ಎಷ್ಟೇ ಚೆನ್ನಾಗಿದ್ದೇನೆಂದರೂ ಅವರನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ನಡೆದುದನ್ನು ನಡೆದಂತೆ ವೈದ್ಯರಿಗೆ ಹೇಳಿರಿ.